ಸಂಡೇ ಸ್ಕೂಲ್ ಪರೀಕ್ಷೆ: ಬಾಯಲ್ಲಿರುವ ಕಥೆಯನ್ನು ಕೈಗೆ ತರುವುದು ಹೇಗೆ

ಯೇಸು ಸ್ವಾಮಿ ಹೇಳಿದ ಒಳ್ಳೆಯ ಸಮಾರ್ಯದವನ ಕಥೆ ಹೇಳು ಅಂದರೆ ಸಾಕು, ನಮ್ಮ ಸಂಡೇ ಸ್ಕೂಲಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಐದು ನಿಮಿಷ ಎಲ್ಲೂ ನಿಲ್ಲಿಸದೆ ಹೇಳುತ್ತಿದ್ದಳು. ಕಳ್ಳರು ಹೊಡೆದದ್ದು, ಯಾಜಕ ಆಚೆ ಬದಿಯಿಂದ ಹೋಗಿಬಿಟ್ಟದ್ದು, ಗಾಯಕ್ಕೆ ಎಣ್ಣೆ ಹೊಯ್ದದ್ದು, ಒಂದೂ ಬಿಡುತ್ತಿರಲಿಲ್ಲ. ಅದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂತು. ಅವಳು ಬರೆದದ್ದು ಇಷ್ಟು: "ಒಬ್ಬ ಮನುಷ್ಯ ಹೋಗುತ್ತಿದ್ದ. ಕಳ್ಳರು ಹೊಡೆದರು. ಸಮಾರ್ಯದವನು ಸಹಾಯ ಮಾಡಿದ. ನಾವೂ ಸಹಾಯ ಮಾಡಬೇಕು." 10ಕ್ಕೆ 3 ಅಂಕ.

ಮಕ್ಕಳಿಗೆ ಸತ್ಯವೇದ (ಬೈಬಲ್) ಗೊತ್ತಿಲ್ಲ, ಮನೆಯಲ್ಲಿ ಓದಲ್ಲ ಅಂತ ಅಲ್ಲಿಯವರೆಗೆ ನಾನೂ ಬೈಯುತ್ತಿದ್ದೆ. ಆ ಪತ್ರಿಕೆ ನೋಡಿದ ಮೇಲೆ ಬೈಯುವುದು ಬಿಟ್ಟೆ. ಗೊತ್ತಿದೆ ಅವರಿಗೆ. ಬಾಯಲ್ಲಿದೆ, ಕೈಗೆ ಬಂದಿಲ್ಲ ಅಷ್ಟೇ. ಬಾಯಿಂದ ಕೈಗೆ ತರುವ ಕೆಲಸ ನಮ್ಮದು, ಅಂದರೆ ಟೀಚರುಗಳದ್ದು, ಅಪ್ಪ ಅಮ್ಮಂದಿರದ್ದು.

ನಾನು ಕೋಲಾರದ ಒಂದು ಸಣ್ಣ ಸಭೆಯಲ್ಲಿ (ಚರ್ಚಿನಲ್ಲಿ) ಕಲಿಸುತ್ತೇನೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಕ್ರೈಸ್ತ ಧರ್ಮ ಅನ್ನುವ ವಿಷಯವೇ ಇಲ್ಲ. ಕೆನ್ಯಾ, ನೈಜೀರಿಯಾದಲ್ಲಿ ಅದು ಬೋರ್ಡ್ ಪರೀಕ್ಷೆಯ ವಿಷಯ. ವಾರಕ್ಕೆ ಹಲವು ಪಿರಿಯಡ್ ಇರುತ್ತದೆ, ಅದಕ್ಕೆಂದೇ ಟೀಚರ್ ಇರುತ್ತಾರೆ. ನಮಗೆ ಸಿಗುವುದು ಭಾನುವಾರದ ಒಂದು ಗಂಟೆ. ಪರೀಕ್ಷೆಗೆ 8 ವಾರ ಇದೆ ಅಂದರೆ ಕೈಯಲ್ಲಿರುವುದು 8 ಗಂಟೆ. ಅದರಲ್ಲಿ ಹಾಡು, ಪ್ರಾರ್ಥನೆ, ಹಾಜರಿ ಕಳೆದರೆ 5 ಗಂಟೆ. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ. ಎಲ್ಲವನ್ನೂ ಕಲಿಸುತ್ತೇನೆ ಅಂತ ಹೊರಟರೆ ಯಾವುದೂ ಆಗುವುದಿಲ್ಲ.

ಮೊದಲನೆಯದು: ಹಳೇ ಉತ್ತರ ಪತ್ರಿಕೆ ತೆಗೆಯಿರಿ

ಪಾಠದ ಪುಸ್ತಕ ಬಿಚ್ಚುವ ಮುಂಚೆ ಹೋದ ವರ್ಷದ ಉತ್ತರ ಪತ್ರಿಕೆಗಳನ್ನು ನೆಲದ ಮೇಲೆ ಹರಡಿ. ಇಲ್ಲದಿದ್ದರೆ ಹಳೇ ಪ್ರಶ್ನೆ ಪತ್ರಿಕೆಯಿಂದ 10 ಪ್ರಶ್ನೆ ಕೊಟ್ಟು ಅರ್ಧ ಗಂಟೆ ಬರೆಸಿ. ಅಂಕ ಹಾಕಬೇಡಿ. ತಪ್ಪುಗಳನ್ನು ಮೂರು ಗುಂಪು ಮಾಡಿ: ಮಗುವಿಗೆ ವಿಷಯವೇ ಗೊತ್ತಿಲ್ಲದ್ದು, ಗೊತ್ತಿದ್ದೂ ಇನ್ನೊಂದರ ಜೊತೆ ಕಲಸಿಕೊಂಡದ್ದು, ಗೊತ್ತಿದ್ದೂ ಬರೆಯಲು ಬಾರದ್ದು.

ನಾನು ಹೀಗೆ ಮಾಡಿದಾಗ ಮೊದಲ ಗುಂಪು ತೀರಾ ಚಿಕ್ಕದಿತ್ತು. ಕಲಸಿಕೊಂಡದ್ದು, ಬರೆಯಲು ಬಾರದ್ದು ಎರಡೇ ರಾಶಿ ಬಿದ್ದಿದ್ದವು. ನಿಮ್ಮಲ್ಲಿ ಬೇರೆ ಥರ ಇರಬಹುದು. ಯಾವ ಗುಂಪು ದೊಡ್ಡದೋ ನಿಮ್ಮ 5 ಗಂಟೆಯಲ್ಲಿ ಜಾಸ್ತಿ ಪಾಲು ಅದಕ್ಕೆ ಕೊಡಿ.

ಎರಡನೆಯದು: ಒಂದೇ ಸತ್ಯವೇದ, ಒಂದೇ ಥರದ ಹೆಸರು

ಇದು ನಮ್ಮ ಸೀಮೆಗೇ ಇರುವ ತೊಂದರೆ. ಕೆಜಿಎಫ್ ಕಡೆಯ ಮನೆಗಳಲ್ಲಿ ತಮಿಳು ಬೈಬಲ್ ಓದುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಶಾಲೆ ಇಂಗ್ಲಿಷ್ ಮೀಡಿಯಂ. ಪರೀಕ್ಷೆ ಮಾತ್ರ ಕನ್ನಡದಲ್ಲಿ. ಅಜ್ಜಿ "ಸಂಗೀತಂ 23 ಓದು" ಅನ್ನುತ್ತಾಳೆ, ನಾವು "ಕೀರ್ತನೆ 23" ಅನ್ನುತ್ತೇವೆ. ನಮ್ಮ ಸತ್ಯವೇದದ ವಿಮೋಚನಕಾಂಡ ಅನ್ನುವ ಪುಸ್ತಕ ತಮಿಳಿನಲ್ಲಿ ಯಾತ್ತಿರಾಗಮಂ, ತೆಲುಗಿನಲ್ಲಿ ನಿರ್ಗಮಕಾಂಡಮು. ನಮ್ಮ ಜ್ಞಾನೋಕ್ತಿಗಳು ತೆಲುಗಿನಲ್ಲಿ ಸಾಮೆತಲು. ಮಗುವಿಗೆ ಕಥೆ ಗೊತ್ತಿದ್ದರೂ "ವಿಮೋಚನಕಾಂಡದಲ್ಲಿ ಬರುವ..." ಅಂತ ಪ್ರಶ್ನೆ ಶುರುವಾದರೆ ಅಲ್ಲೇ ನಿಂತುಬಿಡುತ್ತದೆ.

ಇದಕ್ಕೆ ಒಂದು ಚಾರ್ಟ್ ಸಾಕು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಗೆರೆ ಎಳೆದು ಕನ್ನಡ, ತಮಿಳು, ತೆಲುಗು ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಮನೆಯ ಹೆಸರನ್ನು ಮಕ್ಕಳಿಂದಲೇ ಹೇಳಿಸಿ, ಅವರ ಕೈಯಲ್ಲೇ ಬರೆಸಿ. ಮನೆಯ ಬೈಬಲ್ ತಪ್ಪು ಅಂತ ಯಾವತ್ತೂ ಹೇಳಬೇಡಿ. ಅಜ್ಜಿಯ ಹತ್ತಿರ ಕೂತು ಕೇಳಿದ್ದೇ ಆ ಮಗುವಿನ ನಿಜವಾದ ಓದು.

ಕನ್ನಡದಲ್ಲೇ ಎರಡು ಮೂರು ಅನುವಾದ ಇವೆ ಅನ್ನುವುದನ್ನೂ ಮರೆಯಬೇಡಿ. ಫೋನಿನಲ್ಲಿ ಒಂದು, ಮನೆಯ ಕಪಾಟಿನಲ್ಲಿ ಇನ್ನೊಂದು. ಕಂಠಪಾಠ ವಾಕ್ಯಕ್ಕೆ ಪರೀಕ್ಷೆ ನಡೆಸುವವರು ಯಾವುದನ್ನು ಇಟ್ಟುಕೊಂಡಿದ್ದಾರೆ ಅಂತ ಮೊದಲೇ ಕೇಳಿ, ಎಲ್ಲರೂ ಅದನ್ನೇ ಓದಲಿ. ಕಥೊಲಿಕ ಧರ್ಮೋಪದೇಶದ ಪರೀಕ್ಷೆ ಬರೆಯುವ ಮಕ್ಕಳಾದರೆ ಪುಸ್ತಕಗಳ ಎಣಿಕೆಯೇ ಬೇರೆ: ಅವರ ಬೈಬಲ್‌ನಲ್ಲಿ 73, ನಮ್ಮ ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ 66. ಹೊಸ ಒಡಂಬಡಿಕೆ ಇಬ್ಬರಿಗೂ 27. ಅಕ್ಕಪಕ್ಕದ ಮನೆಯ ಮಕ್ಕಳು ಒಟ್ಟಿಗೆ ಕೂತು ಓದುವ ಕಡೆ ಇದನ್ನು ಹೇಳಿಕೊಡಲೇಬೇಕು, ಇಲ್ಲದಿದ್ದರೆ ಇಬ್ಬರೂ ಗೊಂದಲಕ್ಕೆ ಬೀಳುತ್ತಾರೆ.

ಮೂರನೆಯದು: ಐದು ಬೆರಳಿನ ಲೆಕ್ಕ

ನನ್ನ ತರಗತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದು. ಕಥೆ ಯಾವುದೇ ಇರಲಿ, ಎಡಗೈ ಬೆರಳು ಬಿಚ್ಚಿ. ಹೆಬ್ಬೆರಳು: ಯಾರು, ಯಾರ ಜೊತೆ? ತೋರುಬೆರಳು: ಎಲ್ಲಿ, ಯಾವಾಗ? ನಡುಬೆರಳು: ಏನೇನಾಯಿತು, ಮೊದಲು ಯಾವುದು, ಆಮೇಲೆ ಯಾವುದು? ಉಂಗುರದ ಬೆರಳು: ಯೇಸು ಸ್ವಾಮಿ ಏನು ಹೇಳಿದರು, ಅಥವಾ ದೇವರು ಏನು ಹೇಳಿದನು? ಕಿರುಬೆರಳು: ಇದರಿಂದ ನನಗೇನು?

ಸಮಾರ್ಯದವನ ಕಥೆಯನ್ನೇ ಮತ್ತೆ ತೆಗೆದುಕೊಳ್ಳೋಣ. ಲೂಕನ ಸುವಾರ್ತೆ (ಯೇಸು ಸ್ವಾಮಿಯ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು) 10ನೇ ಅಧ್ಯಾಯ, 25ರಿಂದ 37ನೇ ವಚನ. ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸತ್ಯವೇದ ತೆರೆದಿಟ್ಟು, ನಿಧಾನಕ್ಕೆ ಓದಿಸಿದೆ.

ಹೆಬ್ಬೆರಳಿಗೆ ಬಂದಾಗ ಅವಳು "ಕಳ್ಳರು, ಸಮಾರ್ಯದವನು" ಅಂದಳು. ಕಥೆ ಯಾರಿಗೆ ಹೇಳಿದ್ದು ಅಂತ ಕೇಳಿದೆ. ಗೊತ್ತಿರಲಿಲ್ಲ. ನಾವು ಯಾವಾಗಲೂ ಕಥೆಯನ್ನು 30ನೇ ವಚನದಿಂದಲೇ ಶುರು ಮಾಡುತ್ತೇವೆ, ಅಲ್ವಾ? ಅದಕ್ಕೂ ಮುಂಚೆ ಧರ್ಮಶಾಸ್ತ್ರ ಬಲ್ಲ ಒಬ್ಬ ಮನುಷ್ಯ ಎದ್ದು ನಿಂತು, "ನನ್ನ ನೆರೆಯವನು ಯಾರು?" ಅಂತ ಕೇಳಿದ್ದಾನೆ. ಇಡೀ ಕಥೆ ಆ ಪ್ರಶ್ನೆಗೆ ಉತ್ತರ. ಇದನ್ನು ಬರೆದ ಮಗುವಿಗೆ ಅಂಕ ಅಲ್ಲಿಂದಲೇ ಸಿಗಲು ಶುರುವಾಗುತ್ತದೆ.

ತೋರುಬೆರಳು. ಯೆರೂಸಲೇಮಿನಿಂದ ಯೆರಿಕೋವಿಗೆ "ಇಳಿದು" ಹೋಗುತ್ತಿದ್ದ. ಈ ಇಳಿಯುವುದು ಸುಮ್ನೆ ಬಂದ ಮಾತಲ್ಲ. ಯೆರೂಸಲೇಮ್ ಬೆಟ್ಟದ ಮೇಲಿನ ಊರು, ಯೆರಿಕೋ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ದಾರಿ ಸುಮಾರು ಕೋಲಾರದಿಂದ ಮುಳಬಾಗಿಲಿಗೆ ಹೋಗುವಷ್ಟು. ಅಷ್ಟರಲ್ಲಿ ಹೆಚ್ಚುಕಡಿಮೆ 1000 ಮೀಟರ್ ಇಳಿಯಬೇಕು. ನಂದಿ ಬೆಟ್ಟದ ತುದಿಯಿಂದ ತಪ್ಪಲಿಗೆ ಬಂದರೂ ಅಷ್ಟು ಇಳಿಜಾರು ಸಿಗುವುದಿಲ್ಲ. ಬಂಡೆ, ತಿರುವು, ಜನ ಇಲ್ಲದ ದಾರಿ. ಕಳ್ಳರು ಯಾಕೆ ಅಲ್ಲಿ ಕಾದಿದ್ದರು ಅಂತ ಮಕ್ಕಳಿಗೆ ತಾನಾಗೇ ಹೊಳೆಯಿತು.

ನಡುಬೆರಳಿನಲ್ಲಿ ಕ್ರಮ ಮುಖ್ಯ: ಮೊದಲು ಯಾಜಕ, ಆಮೇಲೆ ಲೇವಿಯ (ದೇವಾಲಯದ ಸೇವೆ ಮಾಡುವವನು), ಆಮೇಲೆ ಸಮಾರ್ಯದವನು. ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಕರೆದುಕೊಂಡು ಹೋದ, ಮರುದಿನ ಎರಡು ನಾಣ್ಯ ಕೊಟ್ಟ. ಆ ನಾಣ್ಯ ಒಂದು ಅಂದರೆ ಆಗಿನ ಒಂದು ದಿನದ ಕೂಲಿ. ಮತ್ತಾಯ 20ರಲ್ಲಿ ದ್ರಾಕ್ಷಿ ತೋಟದ ಆಳುಗಳಿಗೆ ಗೊತ್ತು ಮಾಡಿದ್ದು ಅದೇ. ಎರಡು ದಿನದ ಕೂಲಿಯನ್ನು ಗುರುತಿಲ್ಲದವನಿಗೆ ಕೊಟ್ಟ ಅಂದಾಗ, ಟೊಮೆಟೊ ಕೀಳಲು ಹೋಗುವ ಅಮ್ಮನ ಮಗಳಿಗೆ ಅದರ ತೂಕ ನಾನು ವಿವರಿಸಬೇಕಾಗಲಿಲ್ಲ.

ಉಂಗುರದ ಬೆರಳು: "ಹೋಗು, ನೀನೂ ಅದರಂತೆ ಮಾಡು."

ಕಿರುಬೆರಳಿನ ಹತ್ತಿರ ಎಲ್ಲ ಮಕ್ಕಳೂ ಒಂದೇ ವಾಕ್ಯ ಬರೆಯುತ್ತಾರೆ: "ನಾವು ಒಳ್ಳೆಯವರಾಗಿರಬೇಕು." ಯಾವ ಕಥೆಗೂ ಅದೇ. ನಾನು ಕೇಳಿದೆ: ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇರಲಿಲ್ಲ, ಅದು ಯೋಹಾನ 4ರಲ್ಲಿದೆ. ನಮ್ಮ ಊರಲ್ಲಿ ಯಾರ ಮನೆಯಲ್ಲಿ ನೀರು ಕುಡಿಯಬೇಡ ಅಂತ ಹೇಳುತ್ತಾರೆ? ಕ್ಲಾಸು ಪೂರ್ತಿ ಸುಮ್ಮನಾಯಿತು. ಆ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದಳು: "ಯಾರನ್ನು ನಾವು ದೂರ ಇಡುತ್ತೇವೋ ಅವರೇ ನಮಗೆ ನೆರೆಯವರಾಗಿ ಬರಬಹುದು." ಹನ್ನೆರಡು ವರ್ಷದ ಮಗು ಬರೆದ ಸಾಲು ಅದು. ನನ್ನ ಬಾಯಿಂದ ಬಂದದ್ದಲ್ಲ.

ಬಿತ್ತುವವನ ಸಾಮ್ಯಕ್ಕೂ, ಅಂದರೆ ಬಂಡೆ ನೆಲದಲ್ಲಿ ಬಿದ್ದ ಬೀಜ ಬೇಗ ಮೊಳೆತು ಬೇಗ ಒಣಗುವ ಹೋಲಿಕೆಯ ಕಥೆಗೂ, ನಮ್ಮ ಊರೇ ಸಾಕು. ಅಂತರಗಂಗೆ ಬೆಟ್ಟದ ಬಂಡೆ ಮೇಲೆ ತೆಳ್ಳಗೆ ಮಣ್ಣು ಕೂತಿರುತ್ತದಲ್ಲ, ಮಳೆ ಬಿದ್ದ ತಕ್ಷಣ ಎಲ್ಲಕ್ಕಿಂತ ಮೊದಲು ಅಲ್ಲೇ ಹಸಿರು ಬರುತ್ತದೆ. ನಾಲ್ಕು ದಿನ ಬಿಸಿಲು ಕಾದರೆ ಎಲ್ಲಕ್ಕಿಂತ ಮೊದಲು ಒಣಗುವುದೂ ಅದೇ. ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ ತೋರಿಸಿದರೆ ಮತ್ತಾಯ 13 ಜನ್ಮದಲ್ಲಿ ಮರೆಯುವುದಿಲ್ಲ.

ವಾರಕ್ಕೆ ಒಂದೇ ಕಥೆ, ಹೆಚ್ಚೆಂದರೆ ಎರಡು. ಬೆರಳು ಮುಗಿದ ಮೇಲೆ ಕಡ್ಡಾಯವಾಗಿ ಬರೆಸಿ. ಒಂದು ಬೆರಳಿಗೆ ಎರಡು ವಾಕ್ಯ ಅಂದರೂ 10 ವಾಕ್ಯ ಆಯಿತು. ಮೊದಲ ಎರಡು ವಾರ ತುಂಬಾ ನಿಧಾನ ಅನ್ನಿಸುತ್ತದೆ. ತಾಳ್ಮೆ ಕಳೆದುಕೊಳ್ಳಬೇಡಿ.

ನಾಲ್ಕನೆಯದು: ಕಲಸಿಹೋಗುವ ಜೋಡಿಗಳು

ಕನ್ನಡದಲ್ಲಿ ಓದುವ ಮಕ್ಕಳಿಗೆ ಇಲ್ಲೊಂದು ಕಷ್ಟ ಜಾಸ್ತಿ ಇದೆ. ಇಂಗ್ಲಿಷಿನಲ್ಲಿ ಜೇಕಬ್ ಬೇರೆ, ಜೇಮ್ಸ್ ಬೇರೆ. ನಮ್ಮಲ್ಲಿ ಇಬ್ಬರೂ ಯಾಕೋಬನೇ. ಇಸಾಕನ ಮಗ ಯಾಕೋಬ ಆದಿಕಾಂಡದವನು, ಜೆಬೆದಾಯನ ಮಗ ಯಾಕೋಬ ಯೇಸು ಸ್ವಾಮಿಯ ಶಿಷ್ಯ. ಹಾಗೆಯೇ ಶಿಷ್ಯರಲ್ಲಿ ಯಾಕೋಬನ ಮಗ ಯೂದ, ಇಸ್ಕರಿಯೋತ ಯೂದ. ಐಗುಪ್ತದ ಯೋಸೇಫ, ಮರಿಯಳ ಗಂಡ ಯೋಸೇಫ. ಅರಸನಾದ ಸೌಲ, ಪೌಲನಾದ ಸೌಲ. ಸ್ನಾನಿಕನಾದ ಯೋಹಾನ, ಶಿಷ್ಯನಾದ ಯೋಹಾನ. ಹೆಸರನ್ನು ಒಂಟಿಯಾಗಿ ಬರೆಯಲು ಬಿಡಬೇಡಿ. ಜೊತೆಗೆ ಯಾರ ಮಗ, ಯಾವ ಊರು, ಯಾವ ಪುಸ್ತಕ, ಇದರಲ್ಲಿ ಒಂದಾದರೂ ಇರಲಿ.

ಹೆರೋದನ ವಿಷಯಕ್ಕೆ ಪೂರ್ತಿ ಹತ್ತು ನಿಮಿಷ ಕೊಡಿ. ಬೇತ್ಲೆಹೇಮಿನ ಮಕ್ಕಳನ್ನು ಕೊಲ್ಲಿಸಿದ ಹೆರೋದ ಒಬ್ಬ. ಸ್ನಾನಿಕನಾದ ಯೋಹಾನನ ತಲೆ ತೆಗೆಸಿದವನು ಅವನ ಮಗ. ಅಪೊಸ್ತಲರ ಕೃತ್ಯಗಳು 12ರಲ್ಲಿ ಯಾಕೋಬನನ್ನು ಕೊಲ್ಲಿಸಿ ಪೇತ್ರನನ್ನು ಸೆರೆಗೆ ಹಾಕಿಸಿದವನು ಮೊಮ್ಮಗ. ಅಜ್ಜ, ಮಗ, ಮೊಮ್ಮಗ ಅಂತ ಹೇಳಿಕೊಟ್ಟರೆ ಮಕ್ಕಳು ಮತ್ತೆ ತಪ್ಪುವುದಿಲ್ಲ.

ಘಟನೆಗಳೂ ಹೀಗೆಯೇ. 5000 ಜನಕ್ಕೆ ಊಟ: 5 ರೊಟ್ಟಿ, 2 ಮೀನು, ಉಳಿದದ್ದು 12 ಪುಟ್ಟಿ. ಇದು ನಾಲ್ಕೂ ಸುವಾರ್ತೆಗಳಲ್ಲಿದೆ. ರೊಟ್ಟಿ ತಂದ ಹುಡುಗ ಮಾತ್ರ ಯೋಹಾನನಲ್ಲಿ. 4000 ಜನಕ್ಕೆ ಊಟ: 7 ರೊಟ್ಟಿ, ಕೆಲವು ಸಣ್ಣ ಮೀನು, ಉಳಿದದ್ದು 7 ಪುಟ್ಟಿ. ಇದು ಮತ್ತಾಯ, ಮಾರ್ಕದಲ್ಲಿ ಮಾತ್ರ. ಪ್ರಶ್ನೆ ಪತ್ರಿಕೆ ಮಾಡುವವರು ಬೇಕೆಂದೇ ಸಿಕ್ಕಿಸುತ್ತಾರೆ ಅಂತ ಮಕ್ಕಳು ದೂರುತ್ತಾರೆ. ಮಾರ್ಕ 8:19-20 ತೆಗೆದು ತೋರಿಸಿ. ಎಷ್ಟು ಪುಟ್ಟಿ ತುಂಬಿದಿರಿ ಅಂತ ಯೇಸು ಸ್ವಾಮಿಯೇ ಶಿಷ್ಯರನ್ನು ಎರಡು ಸಲ ಕೇಳುತ್ತಾರೆ. ಅವರು 12, 7 ಅಂತ ಸರಿಯಾಗಿ ಹೇಳುತ್ತಾರೆ. ಈ ಜಾಗ ಓದಿದಾಗ ನಮ್ಮ ಮಕ್ಕಳ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಕ್ರಿಸ್ಮಸ್ ನಾಟಕದಲ್ಲಿ ಕುರುಬರೂ ಜ್ಞಾನಿಗಳೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆಯುವಂತಿಲ್ಲ. ಕುರುಬರು ಲೂಕ 2ರಲ್ಲಿ, ಜ್ಞಾನಿಗಳು ಮತ್ತಾಯ 2ರಲ್ಲಿ. ಜ್ಞಾನಿಗಳು ಮೂವರು ಅಂತ ಸತ್ಯವೇದದಲ್ಲಿ ಎಲ್ಲೂ ಇಲ್ಲ, ಕಾಣಿಕೆ ಮೂರು ಅಷ್ಟೇ.

ಐದನೆಯದು: ಕಂಠಪಾಠ ವಾಕ್ಯ

ವಾಕ್ಯ ಕಲಿಸುವಾಗ ಅರ್ಥ ಮೊದಲು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಮಕ್ಕಳಿಗೆ ಇದು ಬಾಯಿಪಾಠ. ಆದರೆ ಅರ್ಥ ಬರೆಯಿರಿ ಅಂದಾಗ ನನ್ನ ತರಗತಿಯಲ್ಲಿ ನಾಲ್ವರು "ನನಗೆ ಕೊರತೆ ಆಯಿತು" ಅಂತ ಬರೆದರು. "ಪಡೆನು" ಅನ್ನುವುದು ಅವರ ಕಿವಿಗೆ "ಪಡೆದೆನು" ಅಂತ ಕೇಳಿದೆ. ಪೂರ್ತಿ ಉಲ್ಟಾ. ಅದೇ ಕೀರ್ತನೆಯ "ಹೆದರೆನು" ಕೂಡ ಹಾಗೇ ಆಯಿತು. ತಪ್ಪು ಮಕ್ಕಳದಲ್ಲ. ಈ ಹಳೇ ರೂಪ ಈಗ ಮಾತಿನಲ್ಲಿ ಕಡಿಮೆ. "ಒಲ್ಲೆ" ಅಂದರೆ ಬೇಡ ಅಂತ ತಾನೇ? ಹಾಗೇ ಪಡೆನು ಅಂದರೆ ಪಡುವುದಿಲ್ಲ, ಹೆದರೆನು ಅಂದರೆ ಹೆದರುವುದಿಲ್ಲ ಅಂತ ಹೇಳಿದೆ. ಒಂದು ನಿಮಿಷದ ಕೆಲಸ. ಅಷ್ಟು ವರ್ಷ ನಾವು ಯಾರೂ ಮಾಡಿರಲಿಲ್ಲ.

ಆಮೇಲೆ ಮೊದಲಕ್ಷರದ ಆಟ. ಬೋರ್ಡಿನ ಮೇಲೆ "ಯೆ, ನ, ಕು, ಕೊ" ಅಂತ ಮಾತ್ರ ಬರೆದು ವಾಕ್ಯ ಪೂರ್ತಿ ಹೇಳಿಸಿ. ಮೂರನೇ ದಿನಕ್ಕೆ ಅಕ್ಷರವನ್ನೂ ಅಳಿಸಿ, ಬರೆಸಿ. ಅಧ್ಯಾಯ, ವಚನದ ಸಂಖ್ಯೆಯನ್ನು ವಾಕ್ಯದ ಮೊದಲೊಮ್ಮೆ, ಕೊನೆಗೊಮ್ಮೆ ಹೇಳಿಸುವುದು ಅಭ್ಯಾಸವಾಗಲಿ.

ಆರನೆಯದು: ಪ್ರಶ್ನೆ ಏನು ಕೇಳುತ್ತಿದೆ

ಪ್ರಶ್ನೆಯ ಕೊನೆಯ ಪದಕ್ಕೆ ಗೆರೆ ಎಳೆಸಿ. "ಹೆಸರಿಸಿ" ಅಂದರೆ ಹೆಸರು ಸಾಕು, ಕಥೆ ಬೇಡ. "ಏಕೆ" ಅಂದರೆ ಕಾರಣ. "ವಿವರಿಸಿ" ಅಂದರೆ ಐದೂ ಬೆರಳು. ಜಾಸ್ತಿ ಅಂಕ ಹೋಗುವುದು "ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?" ಅನ್ನುವುದರಲ್ಲಿ. ಮಕ್ಕಳು ಯಾರು ಅನ್ನುವುದನ್ನು ಬರೆದು ಮುಂದಕ್ಕೆ ಹೋಗುತ್ತಾರೆ. ಅಲ್ಲಿರುವುದು ಮೂರು ಪ್ರಶ್ನೆ, ಹಾಗಾಗಿ ಮೂರು ಉತ್ತರ ಬೇಕು. ಉತ್ತರದ ಪಕ್ಕ 1, 2, 3 ಅಂತ ಹಾಕಿಸಿ ಅಭ್ಯಾಸ ಮಾಡಿಸಿ.

ಅಂಕ ನೋಡಿ ಉದ್ದ ಲೆಕ್ಕ ಹಾಕುವುದನ್ನೂ ಹೇಳಿಕೊಡಿ. 2 ಅಂಕಕ್ಕೆ ಎರಡು ಸಂಗತಿ, 5 ಅಂಕಕ್ಕೆ ಐದು. ಒಂದು ಭಾನುವಾರ ಮಕ್ಕಳೇ ಟೀಚರ್ ಆಗಲಿ. ಹೆಸರಿಲ್ಲದ ಒಂದು ಹಳೇ ಉತ್ತರ ಕೊಟ್ಟು ಕೆಂಪು ಪೆನ್ನಿನಲ್ಲಿ ಅಂಕ ಹಾಕಿಸಿ. ನಾವು ಹತ್ತು ಸಲ ಹೇಳಿದರೂ ಹತ್ತದ್ದು ಆ ಅರ್ಧ ಗಂಟೆಯಲ್ಲಿ ಹತ್ತುತ್ತದೆ.

ಬರೆಯಲು ಕಷ್ಟಪಡುವ ಮಕ್ಕಳು

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದ ಒತ್ತಕ್ಷರವೇ ಬೆಟ್ಟ. ಶಿಷ್ಯರು, ದೀಕ್ಷಾಸ್ನಾನ, ಆಜ್ಞೆ, ಸುವಾರ್ತೆ, ಪುನರುತ್ಥಾನ: ಹೀಗೆ ಮತ್ತೆ ಮತ್ತೆ ಬರುವ 25 ಪದ ಆರಿಸಿ. ವಾರಕ್ಕೆ 5, ಪ್ರತಿ ವಾರ ಉಕ್ತಲೇಖನ. ಐದು ವಾರಕ್ಕೆ ಮುಗಿಯುತ್ತದೆ. ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರೆಯಲು ಅವಕಾಶ ಇದೆಯಾ ಅಂತ ಪರೀಕ್ಷೆ ನಡೆಸುವವರನ್ನು ಮುಂಚೆಯೇ ಕೇಳಿ. ಕೇಳಲು ಸಂಕೋಚ ಬೇಡ.

ಓದಲಿಕ್ಕೇ ಬಾರದ ಮಗು ಇದ್ದರೆ ಎಲ್ಲರೆದುರು ಓದಿಸಬೇಡಿ. ಆರಾಧನೆಗೆ ಮುಂಚೆ ಹತ್ತು ನಿಮಿಷ ಬೇಗ ಬರಲು ಹೇಳಿ, ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿಟ್ಟು ಓದಿಸಿ. ಇಂಥ ಒಬ್ಬ ಹುಡುಗ ಮಾರ್ಕನ ಸುವಾರ್ತೆಯಿಂದಲೇ ಕನ್ನಡ ಓದಲು ಕಲಿತ. 16 ಅಧ್ಯಾಯ, ನಾಲ್ಕರಲ್ಲಿ ಎಲ್ಲಕ್ಕಿಂತ ಚಿಕ್ಕದು, ವಾಕ್ಯಗಳೂ ಸರಳ.

ಮನೆಯವರಿಗೆ

ಅಕ್ಕಂದಿರೇ, ಅಣ್ಣಂದಿರೇ, ನೀವು ಪಾಠ ಮಾಡಬೇಕಿಲ್ಲ. ರಾತ್ರಿ ಮನೆ ಪ್ರಾರ್ಥನೆಯಲ್ಲಿ ಓದುವ ಭಾಗವನ್ನು ಮಗುವಿನಿಂದ ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ, ಓದಿದ್ದನ್ನು ಎರಡು ಸಾಲು ಬರೆಸಿ. ಅಷ್ಟು ಸಾಕು. ಪಕ್ಕದ ಮನೆಯ ಮಗುವಿನ ಅಂಕ ಎತ್ತಿ ಆಡಬೇಡಿ.

ಕೊನೆಯ ವಾರ, ಪರೀಕ್ಷೆಯ ದಿನ

ಕೊನೆಯ ವಾರ ಹೊಸದೇನೂ ಕಲಿಸಬೇಡಿ. ಹಳೇ ಪ್ರಶ್ನೆ ಪತ್ರಿಕೆ ಒಂದನ್ನು ಗಡಿಯಾರ ಇಟ್ಟು ಪೂರ್ತಿ ಬರೆಸಿ. ಪರೀಕ್ಷೆಯ ದಿನ ತಿಂಡಿ ತಿಂದು ಬರಲಿ, ಎರಡು ಪೆನ್ನು ಇರಲಿ. ಗೊತ್ತಿರುವ ಪ್ರಶ್ನೆಯಿಂದ ಶುರು ಮಾಡಿ, ಪ್ರಶ್ನೆಯ ಸಂಖ್ಯೆಯನ್ನು ಸರಿಯಾಗಿ ಹಾಕಲಿ.

ಪರೀಕ್ಷೆ ಆದ ಮೇಲೆ

ಪತ್ರಿಕೆಗಳು ವಾಪಸು ಸಿಗುವುದಾದರೆ ಅದೇ ತಿಂಗಳು ಮಕ್ಕಳ ಕೈಗೆ ಕೊಡಿ. ಎಷ್ಟೋ ಕಡೆ ಬಹುಮಾನ ಕೊಟ್ಟು ಪತ್ರಿಕೆಗಳನ್ನು ಕಟ್ಟಿಡುತ್ತಾರೆ, ಮಗುವಿಗೆ ತಾನು ಎಲ್ಲಿ ತಪ್ಪಿದೆ ಅಂತಲೇ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಒಂದು ಒಳ್ಳೆಯ ಉತ್ತರವನ್ನು ನಿಂತು ಓದಲು ಹೇಳಿ, ಕಡಿಮೆ ಅಂಕ ಬಂದವರಿಗೂ. ಆಮೇಲೆ ಪತ್ರಿಕೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ, ಮುಂದಿನ ವರ್ಷದ ಮೊದಲ ಭಾನುವಾರ ನೆಲದ ಮೇಲೆ ಹರಡಲು ಬೇಕು.

ಆ ಹುಡುಗಿಯ ಪತ್ರಿಕೆ ನನ್ನ ಡಬ್ಬಿಯಲ್ಲೇ ಇದೆ. ಮರುವರ್ಷ ಅವಳಿಗೆ ತಪ್ಪಿಹೋದ ಮಗನ ಸಾಮ್ಯ ಬಂತು, ಲೂಕ 15. ಒಂದೂವರೆ ಪುಟ ಬರೆದಿದ್ದಾಳೆ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಒಂದು ಕೈ ಬರೆದು, ಬರೆದು ಮುಗಿಸಿದ ಒಂದೊಂದು ಬೆರಳಿನ ಮೇಲೂ ಒಂದೊಂದು ಚುಕ್ಕೆ ಇಟ್ಟಿದ್ದಾಳೆ.